ಆಂತೆಕೇರಾದಿಂದ ರೋಂಡಾವರೆಗೆ: ದಕ್ಷಿಣ ಸ್ಪೇನ್‌ನಲ್ಲಿ ಮೋಟರ್‌ಹೋಮ್‌ನ ಒಂದು ದಿನ

ಮಾರ್ಚ್ ಬಂತೆಂದರೆ ಸಾಕು, ನನಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರತೊಡಗುತ್ತದೆ. ಮ್ಯೂನಿಕ್‌ನಿಂದ ಒಬ್ಬರು, ಐಂಡ್‌ಹೋವನ್‌ನಿಂದ ಇನ್ನೊಬ್ಬರು, ಬೆಂಗಳೂರಿನಿಂದ ಮತ್ತೊಬ್ಬರು: ‘ಮಲಗಾದಲ್ಲಿ ಮೋಟರ್‌ಹೋಮ್ ಬುಕ್ ಮಾಡಿದ್ದೀವಿ, ಒಂದು ದಿನಕ್ಕೆ ಎಷ್ಟು ಊರು ನೋಡಬಹುದು?’ ಮೋಟರ್‌ಹೋಮ್ ಅಂದರೆ ಹಾಸಿಗೆ, ಅಡುಗೆಮನೆ, ಕಕ್ಕಸು ಎಲ್ಲ ಒಳಗೇ ಇರುವ ಗಾಡಿ, ಚಕ್ರದ ಮೇಲಿನ ಮನೆ. ನನ್ನ ಉತ್ತರವೂ ಪ್ರತಿ ಸಲ ಒಂದೇ. ಊರುಗಳ ಲೆಕ್ಕ ಬಿಡಿ. ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲು ಗೊತ್ತುಮಾಡಿಕೊಳ್ಳಿ, ಅಲ್ಲಿಂದ ಹಿಂದಕ್ಕೆ ಬೆಳಗಿನವರೆಗೆ ಎಣಿಸುತ್ತ ಬನ್ನಿ. ಕಾರಿನಲ್ಲಿ ಹೋದವರು ಸಂಜೆ ಏಳಕ್ಕೆ ಹೋಟೆಲ್ ಹುಡುಕಿದರೂ ನಡೆಯುತ್ತದೆ. ಏಳು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಮನೆಯನ್ನು ಕತ್ತಲಲ್ಲಿ ದಕ್ಷಿಣ ಸ್ಪೇನ್‌ನ ಅಂದಲೂಸಿಯಾ ಪ್ರಾಂತ್ಯದ, ಸುಣ್ಣ ಬಳಿದ ಬಿಳಿ ಊರುಗಳ ಓಣಿಯಲ್ಲಿ ತಿರುಗಿಸುತ್ತ ಜಾಗ ಹುಡುಕುವ ಪಾಡು ಶತ್ರುವಿಗೂ ಬೇಡ.

ಹಾಗಾಗಿ ಇಲ್ಲಿ ಒಂದೇ ಒಂದು ದಿನದ ದಾರಿ ಕೊಟ್ಟಿದ್ದೇನೆ: ಆಂತೆಕೇರಾದಲ್ಲಿ ಬೆಳಗು, ರೋಂಡಾದಲ್ಲಿ ರಾತ್ರಿ. ಎಲ್ ತೊರ್ಕಾಲ್ ಬೆಟ್ಟಕ್ಕೆ ಹೋಗಿ ಬರುವುದೂ ಸೇರಿ 130 ಕಿ.ಮೀ. ಆಸುಪಾಸು. ಫೋನಿನ ನಕ್ಷೆ ತೋರಿಸುವ ಸಮಯ ಕಾರಿನದು. ಅದಕ್ಕೆ ಅರ್ಧದಷ್ಟು ಸೇರಿಸಿಕೊಳ್ಳಿ.

ಯಾವಾಗ ಹೋಗಬೇಕು? ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ, ಇಲ್ಲವೇ ಅಕ್ಟೋಬರ್. ಮಕ್ಕಳ ಶಾಲೆ ರಜೆ ಅಂತ ಜುಲೈ, ಆಗಸ್ಟ್‌ನಲ್ಲಿ ಹೋಗುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. 2021ರ ಆಗಸ್ಟ್‌ನಲ್ಲಿ ಇದೇ ಅಂದಲೂಸಿಯಾದ ಲಾ ರಾಂಬ್ಲಾ ಎಂಬ ಊರಿನಲ್ಲಿ 47.6 ಡಿಗ್ರಿ ದಾಖಲಾಗಿತ್ತು. ನಮ್ಮ ಕಲಬುರಗಿ, ರಾಯಚೂರಿನವರಿಗೆ ಬಿಸಿಲು ಹೊಸದಲ್ಲ, ನಿಜ. ಆದರೆ ಅಲ್ಲಿ ನೀವು ಮಲಗುವುದು ದಪ್ಪ ಗೋಡೆಯ ಮನೆಯಲ್ಲಿ ಅಲ್ಲ, ತೆಳ್ಳನೆಯ ಡಬ್ಬಿಯಲ್ಲಿ. ಬಾಡಿಗೆ ಗಾಡಿಗಳ ಏಸಿ ಬಹಳಷ್ಟು ಸಲ ಎಂಜಿನ್ ಓಡುವಾಗ ಮಾತ್ರ ಕೆಲಸ ಮಾಡುತ್ತದೆ. ಇದನ್ನು ಬುಕ್ ಮಾಡುವಾಗಲೇ ಕೇಳಿ.

ಕೈಯಲ್ಲಿ ಏನೇನಿರಬೇಕು

ಲೈಸೆನ್ಸ್: ಒಟ್ಟು ತೂಕ 3,500 ಕೆ.ಜಿ. ಮೀರದ ಮೋಟರ್‌ಹೋಮ್‌ಗೆ ಮಾಮೂಲಿ ಕಾರಿನ ಲೈಸೆನ್ಸ್ ಸಾಕು. ಯುರೋಪಿನ ಲೈಸೆನ್ಸ್ ಇದ್ದವರಿಗೆ ಬೇರೇನೂ ಬೇಡ. ಭಾರತದಿಂದ ಬರುವವರು ಊರಿನ ಲೈಸೆನ್ಸ್ ಜೊತೆಗೆ ಐಡಿಪಿ, ಅಂದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ತರಬೇಕು. ಪರಿವಾಹನ್ ಜಾಲತಾಣದಲ್ಲಿ ಅರ್ಜಿ ಹಾಕಿದರೆ ನಿಮ್ಮ ಆರ್‌ಟಿಒ ಕೊಡುತ್ತದೆ, ಗರಿಷ್ಠ ಒಂದು ವರ್ಷ ನಡೆಯುತ್ತದೆ. ಹೊರಡುವ ವಾರದಲ್ಲಿ ನೆನಪಾದರೆ ಪ್ರಯೋಜನವಿಲ್ಲ. ಐಡಿಪಿ ಒಂದನ್ನೇ ತಂದು ಮೂಲ ಲೈಸೆನ್ಸ್ ಮನೆಯಲ್ಲಿ ಬಿಟ್ಟು ಬಂದವರೂ ಇದ್ದಾರೆ. ಎರಡೂ ಬೇಕು.

ಬಾಡಿಗೆ ಕರಾರಿನಲ್ಲಿ ‘ಫ್ರಾಂಕೀಸಿಯಾ’ ಎಂಬ ಪದ ಹುಡುಕಿ. ಗಾಡಿಗೆ ಏನಾದರೂ ಆದರೆ ವಿಮೆಗಿಂತ ಮೊದಲು ನಿಮ್ಮ ಜೇಬಿನಿಂದ ಹೋಗುವ ಮೊತ್ತ ಅದು. ಗಾಡಿಯ ತಲೆ, ತಳ, ಟೈರು, ಗಾಜುಗಳನ್ನು ವಿಮೆಯಿಂದ ಹೊರಗಿಡುವ ಕರಾರುಗಳು ಸಾಮಾನ್ಯ, ಮತ್ತು ಹೊಸಬರು ತಗುಲಿಸುವುದು ಬಹುಪಾಲು ತಲೆಯನ್ನೇ. ಗಾಡಿ ಕೈಗೆ ಬಂದ ಕೂಡಲೇ ಸುತ್ತ ಒಂದು ವಿಡಿಯೋ ಮಾಡಿ, ಮೇಲಿನ ಮೂಲೆಗಳನ್ನೂ ಬಿಡದೆ. ನಾವು ಒಮ್ಮೆ ಸೋಮಾರಿತನದಿಂದ ಬಿಟ್ಟೆವು. ವಾಪಸು ಕೊಡುವಾಗ ಹಿಂದಿನ ಮೂಲೆಯ ಹಳೇ ಗೀರಿಗೆ ನಾವೇ ದುಡ್ಡು ಕಟ್ಟಿದೆವು.

ಇನ್ನೊಂದು ಸಣ್ಣ ಕೆಲಸ. ಗಾಡಿಯ ಎತ್ತರ, ಅಗಲ, ಉದ್ದ, ತೂಕ ನಾಲ್ಕನ್ನೂ ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಸ್ಟೇರಿಂಗ್ ಮುಂದೆ ಅಂಟಿಸಿ. ಕಡಲತೀರದ ಪಾರ್ಕಿಂಗ್‌ಗಳಲ್ಲಿ ಮೋಟರ್‌ಹೋಮ್ ಬರಬಾರದೆಂದೇ ಎರಡು ಮೀಟರ್ ಎತ್ತರಕ್ಕೆ ಅಡ್ಡಪಟ್ಟಿ ಹಾಕಿರುತ್ತಾರೆ. ಅದು ಕಂಡ ಕ್ಷಣದಲ್ಲಿ ‘ನಮ್ಮದು ಎಷ್ಟು ಎತ್ತರ ಅಂದಿದ್ದರು?’ ಅಂತ ಒಬ್ಬರ ಮುಖ ಒಬ್ಬರು ನೋಡುವಂತಾಗಬಾರದು.

ಹಂತ 1: ರಾತ್ರಿಯ ಜಾಗ

ಇದನ್ನು ಹಿಂದಿನ ದಿನವೇ ಮುಗಿಸಿ. ಗಾಡಿ ನಿಲ್ಲಿಸಲು ಮೂರು ದಾರಿಗಳಿವೆ. ಮೊದಲನೆಯದು ಕ್ಯಾಂಪಿಂಗ್: ಸ್ನಾನದ ಮನೆ, ಕರೆಂಟು, ಬಟ್ಟೆ ಒಗೆಯುವ ಯಂತ್ರ ಎಲ್ಲ ಇರುವ ಜಾಗ. ಎರಡನೆಯದು ‘ಆರೆಆ ದೆ ಆಉತೊಕರಾವಾನಾಸ್’: ಮೋಟರ್‌ಹೋಮ್‌ಗಳಿಗೆಂದೇ ಇರುವ ತಂಗುದಾಣ. ನೀರು ತುಂಬಿಸಬಹುದು, ಕೊಳೆನೀರು ಬಿಡಬಹುದು, ಕೆಲವು ಕಡೆ ಕರೆಂಟೂ ಸಿಗುತ್ತದೆ. ಕೆಲವು ಪುಕ್ಕಟೆ, ಕೆಲವಕ್ಕೆ ಬಾಡಿಗೆ. ಆಂತೆಕೇರಾ, ರೋಂಡಾ ಎರಡರಲ್ಲೂ ಇಂಥ ಜಾಗಗಳಿವೆ. ಮೂರನೆಯದು ಸಾಮಾನ್ಯ ರಸ್ತೆಬದಿಯ ಪಾರ್ಕಿಂಗ್.

ಗೊಂದಲವೆಲ್ಲ ಈ ಮೂರನೆಯದರಲ್ಲಿ. ಸ್ಪೇನ್‌ನಲ್ಲಿ ‘ನಿಲ್ಲಿಸುವುದು’ ಬೇರೆ, ‘ಬಿಡಾರ ಹೂಡುವುದು’ ಬೇರೆ. ಪಾರ್ಕಿಂಗ್‌ಗೆ ಅವಕಾಶವಿರುವ ಜಾಗದಲ್ಲಿ ನಿಯಮದಂತೆ ನಿಲ್ಲಿಸಿ ಒಳಗೆ ಮಲಗಿದರೆ ಸಂಚಾರ ನಿಯಮದ ಪ್ರಕಾರ ಅದು ಪಾರ್ಕಿಂಗ್ ಅಷ್ಟೇ. ಆದರೆ ಹೊರಗೆ ಒಂದು ಕುರ್ಚಿ ಹಾಕಿದಿರೋ, ಬದಿಯ ನೆರಳುಚಪ್ಪರ ಬಿಚ್ಚಿದಿರೋ, ಕಿಟಕಿ ಹೊರಕ್ಕೆ ಚಾಚಿದಿರೋ, ಒಂದು ಚೊಂಬು ನೀರು ಕೆಳಗೆ ಹರಿಸಿದಿರೋ, ಅದು ಬಿಡಾರವಾಗುತ್ತದೆ, ದಂಡ ಬೀಳುತ್ತದೆ. ಇದರ ಮೇಲೆ ಆಯಾ ಊರಿನ ಪುರಸಭೆಯ ನಿಯಮಗಳು ಬೇರೆ. ಕಡಲತೀರದಲ್ಲಿ, ಸಂರಕ್ಷಿತ ಉದ್ಯಾನಗಳ ಒಳಗೆ ರಾತ್ರಿ ತಂಗುವ ಆಸೆಯನ್ನೇ ಬಿಡಿ. ಗ್ರಾಸಲೇಮಾ ಬೆಟ್ಟಸಾಲು, 2021ರಲ್ಲಿ ರಾಷ್ಟ್ರೀಯ ಉದ್ಯಾನವಾದ ಸಿಯೆರಾ ದೆ ಲಾಸ್ ನಿಯೇವೆಸ್ ಎರಡೂ ರೋಂಡಾದ ಮಗ್ಗುಲಲ್ಲೇ ಇವೆ. ‘ಎಷ್ಟು ಚೆಂದದ ಜಾಗ, ಇಲ್ಲೇ ಇದ್ದುಬಿಡೋಣ’ ಅನ್ನಿಸುವುದು ಅಲ್ಲಿಯೇ.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ: ಮೂರನೆಯದನ್ನು ಮರೆತುಬಿಡಿ. ಹಣ ಕೊಟ್ಟು ಜಾಗ ಕಾದಿರಿಸಿ, ನೆಮ್ಮದಿಯಾಗಿ ಮಲಗಿ.

ಹಂತ 2: ಬೆಳಿಗ್ಗೆ ನೀರಿನ ಕೆಲಸ

ಮೋಟರ್‌ಹೋಮ್‌ನಲ್ಲಿ ಮೂರು ಬಗೆಯ ನೀರು. ಕುಡಿಯುವ, ಅಡುಗೆಯ ಒಳ್ಳೆ ನೀರು ಒಂದು. ‘ಆಗ್ವಾಸ್ ಗ್ರಿಸೆಸ್’ ಅಂದರೆ ಬಚ್ಚಲ ನೀರು: ಸಿಂಕು, ಸ್ನಾನದಿಂದ ಬಂದದ್ದು, ಗಾಡಿಯ ತಳದ ತೊಟ್ಟಿಯಲ್ಲಿ ಸೇರುತ್ತದೆ. ‘ಆಗ್ವಾಸ್ ನೆಗ್ರಾಸ್’ ಅಂದರೆ ಕಕ್ಕಸಿನದು, ಸೂಟ್‌ಕೇಸಿನಂಥ ಒಂದು ಕ್ಯಾಸೆಟ್‌ನಲ್ಲಿ ಇರುತ್ತದೆ. ಗಾಡಿಯ ಹೊರಬದಿಯ ಸಣ್ಣ ಬಾಗಿಲು ತೆಗೆದು ಅದನ್ನು ಎಳೆದುಕೊಂಡು ಹೋಗಿ ಖಾಲಿ ಮಾಡಬೇಕು.

ಕ್ರಮ ಹೀಗೆ: ಮೊದಲು ಬಚ್ಚಲ ನೀರು ಬಿಡಿ. ನೆಲದಲ್ಲಿ ಕಬ್ಬಿಣದ ಜಾಲರಿ ಇರುತ್ತದೆ, ಗಾಡಿಯ ತಳದ ಕೊಳವೆ ಅದರ ನೆತ್ತಿಗೆ ಬರುವಂತೆ ನಿಲ್ಲಿಸಿ ನಲ್ಲಿ ತಿರುಗಿಸಿ. ಆಮೇಲೆ ಕ್ಯಾಸೆಟ್. ಒಳ್ಳೆ ನೀರು ಕೊನೆಗೆ, ಕೈ ಸೋಪು ಹಾಕಿ ತೊಳೆದುಕೊಂಡ ಮೇಲೆ. ನಲ್ಲಿಯ ಮೇಲೆ ‘ಪೊತಾಬ್ಲೆ’ ಅಂತಿದ್ದರೆ ಕುಡಿಯಬಹುದು, ‘ನೋ ಪೊತಾಬ್ಲೆ’ ಅಂತಿದ್ದರೆ ಅದು ಕ್ಯಾಸೆಟ್ ತೊಳೆಯಲು. ಎರಡು ನಲ್ಲಿಗಳೂ ಒಂದೇ ಕಂಬದ ಎರಡು ಮುಖಗಳಲ್ಲಿ ಇರುವುದುಂಟು, ಅವಸರದವರು ಒಳ್ಳೆ ನಲ್ಲಿಗೇ ಕ್ಯಾಸೆಟ್ ಒಡ್ಡಿ ತೊಳೆಯುವುದೂ ಉಂಟು. ಪೈಪ್ ಸಿಕ್ಕಿಸುವ ಮುಂಚೆ ನಲ್ಲಿಯ ಬಾಯನ್ನು ಚೆನ್ನಾಗಿ ಒರೆಸಿ, ಸ್ವಲ್ಪ ನೀರು ಹರಿಯಲು ಬಿಡಿ. ಮಡಿ ಅಂತ ನಗಬೇಡಿ. ಕುಡಿಯಲು ನಾನಂತೂ ಕ್ಯಾನ್ ನೀರನ್ನೇ ಇಟ್ಟುಕೊಳ್ಳುತ್ತೇನೆ.

ಹಂತ 3: ಕೀಲಿ ತಿರುಗಿಸುವ ಮುಂಚೆ

ಗ್ಯಾಸ್ ಸಿಲಿಂಡರ್ ಬಂದ್. ಫ್ರಿಜ್ 12 ವೋಲ್ಟ್‌ಗೆ (ಹೊಸ ಗಾಡಿಗಳಲ್ಲಿ ತಾನೇ ಬದಲಾಗುತ್ತದೆ). ನೆತ್ತಿಯ ಕಿಟಕಿ ಮುಚ್ಚಿದೆಯೇ, ಬಾಗಿಲ ಮೆಟ್ಟಿಲು ಮಡಚಿದೆಯೇ, ಪಾತ್ರೆಯ ಕಪಾಟು ಲಾಕ್ ಆಗಿದೆಯೇ ನೋಡಿ. ಮೊದಲ ವೃತ್ತದಲ್ಲೇ ಒಗ್ಗರಣೆ ಡಬ್ಬಿ ನೆಲಕ್ಕೆ ಬಿದ್ದರೆ ಸಾಸಿವೆ ವಾರವಿಡೀ ಕಾಲಿಗೆ ಸಿಗುತ್ತಿರುತ್ತದೆ.

ಭಾರತದಿಂದ ನೇರ ಬಂದವರಿಗೆ ನಿಜವಾದ ಸವಾಲು ರಸ್ತೆಯ ಬಲಬದಿ. ನೇರ ದಾರಿಯಲ್ಲಿ ಅರ್ಧ ಗಂಟೆಯಲ್ಲಿ ಅಭ್ಯಾಸವಾಗುತ್ತದೆ. ಎಡವುವುದು ಎಡಕ್ಕೆ ತಿರುಗುವಾಗ, ಪೆಟ್ರೋಲ್ ಬಂಕಿನಿಂದ ಹೊರಬೀಳುವಾಗ, ಖಾಲಿ ರಸ್ತೆಯಲ್ಲಿ. ವೃತ್ತದಲ್ಲಿ ಗಾಡಿಗಳು ನಿಮ್ಮ ಎಡಗಡೆಯಿಂದ ಬರುತ್ತವೆ, ಒಳಗಿರುವವರಿಗೆ ದಾರಿ ಬಿಡಬೇಕು. ಹೊರಗಿನ ಲೇನಿನಲ್ಲೇ ಸುತ್ತಿ ಹೊರಬನ್ನಿ. ಪಕ್ಕದಲ್ಲಿ ಕೂತವರು ಪ್ರತಿ ತಿರುವಿನಲ್ಲೂ ‘ಬಲಬದಿ’ ಅನ್ನಲಿ. ಮನೆಯಲ್ಲಿ ಜಗಳವಾದರೂ ಪರವಾಗಿಲ್ಲ, ಅನ್ನಲಿ.

ವೇಗದ ಮಿತಿ: 3,500 ಕೆ.ಜಿ.ವರೆಗಿನ ಮೋಟರ್‌ಹೋಮ್‌ಗೆ ಹೆದ್ದಾರಿಯಲ್ಲಿ 120, ಸಾಮಾನ್ಯ ರಸ್ತೆಯಲ್ಲಿ 90. ಊರೊಳಗೆ, ಆಚೆಗೊಂದು ಈಚೆಗೊಂದು ಲೇನ್ ಇರುವ ಬೀದಿಯಲ್ಲಿ 2021ರಿಂದ 30 ಮಾತ್ರ. ಕಾನೂನು 120 ಅಂದರೂ ನೀವು 95 ದಾಟಬೇಡಿ. ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಗಾಡಿ ಹೊಯ್ದಾಡುವುದನ್ನು ಒಮ್ಮೆ ಕಂಡ ಮೇಲೆ ನಿಮಗೇ ಅರ್ಥವಾಗುತ್ತದೆ.

ಹಂತ 4: ಎಲ್ ತೊರ್ಕಾಲ್, ಬೆಳಿಗ್ಗೆ ಹತ್ತರೊಳಗೆ

ಆಂತೆಕೇರಾದ ದಕ್ಷಿಣಕ್ಕೆ ಎ-7075 ರಸ್ತೆ ಹಿಡಿದು ಹೋದರೆ ಬೆಟ್ಟಕ್ಕೆ ತಿರುವು ಸಿಗುತ್ತದೆ. ಕೊನೆಯ ಮೂರ್ನಾಲ್ಕು ಕಿಲೋಮೀಟರ್ ಕಿರಿದಾದ ಏರು. ಮೇಲಿನ ಪಾರ್ಕಿಂಗ್ ಸಣ್ಣದು. ವಾರಾಂತ್ಯದಲ್ಲಿ ತುಂಬಿತೆಂದರೆ ಕೆಳಗೇ ತಡೆಯುತ್ತಾರೆ. ಹಾಗೇನಾದರೂ ಆದರೆ ವಾದಿಸಬೇಡಿ, ಗಾಡಿ ಕೆಳಗೇ ಬಿಟ್ಟು ಮೇಲೆ ಹೋಗುವ ದಾರಿ ಕೇಳಿ.

ಮೇಲೆ ಕಾಣುವುದು ಸುಣ್ಣದ ಕಲ್ಲಿನ ಊರು. ದೋಸೆ ಒಂದರ ಮೇಲೊಂದು ಪೇರಿಸಿಟ್ಟಂತೆ ಪದರ ಪದರವಾದ ಬಂಡೆಗಳು. ಜುರಾಸಿಕ್ ಕಾಲದಲ್ಲಿ ಇದು ಸಮುದ್ರದ ತಳ. ಆಮೇಲೆ ಮೇಲೆದ್ದು, ಮಳೆ ಮಂಜು ಗಾಳಿಗಳು ಕೊರೆದು ಹೀಗಾಗಿದೆ. ಅತಿ ಎತ್ತರದ ಜಾಗ 1,336 ಮೀಟರ್. ಎರಡು ಕಾಲುದಾರಿಗಳಿವೆ: ಹಸಿರು ಗುರುತಿನದು ಒಂದೂವರೆ ಕಿ.ಮೀ., ಹಳದಿಯದು ಅದರ ಎರಡರಷ್ಟು. ಮಕ್ಕಳಿದ್ದರೆ ಹಸಿರು ಸಾಕು. ಚಪ್ಪಲಿ ಬೇಡ, ಒದ್ದೆ ಸುಣ್ಣದಕಲ್ಲು ಪಾಚಿ ಕಟ್ಟಿದ ಬಚ್ಚಲಿಗಿಂತ ಜಾರುತ್ತದೆ. ಮಂಜು ಮುಚ್ಚಿದರೆ ಗುರುತು ಕಾಣುವುದಿಲ್ಲ, ವಾಪಸಾಗಿ. ಐಬೆಕ್ಸ್ ಎಂಬ ಕಾಡುಮೇಕೆ ಬಂಡೆಯ ತುದಿಯಲ್ಲಿ ನಿಂತು ನಿಮ್ಮನ್ನೇ ನೋಡುತ್ತಿದ್ದರೆ ಅದೃಷ್ಟ.

ಹಂತ 5: ಆಂತೆಕೇರಾದ ಕಲ್ಮನೆಗಳು, ಆಮೇಲೆ ಊಟ

ಬೆಟ್ಟ ಇಳಿದು ಊರಿನ ಇನ್ನೊಂದು ಅಂಚಿಗೆ ಬಂದರೆ ಮೆಂಗಾ ಮತ್ತು ವಿಯೇರಾ ಎಂಬ ಎರಡು ‘ಡೋಲ್ಮೆನ್’ಗಳು ಅಕ್ಕಪಕ್ಕದಲ್ಲಿವೆ. ಡೋಲ್ಮೆನ್ ಎಂದರೆ ಬೃಹತ್ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಹಾಸಿ ಕಟ್ಟಿದ ಸಮಾಧಿಮನೆ. ನಮ್ಮ ಹಿರೇಬೆಣಕಲ್ಲಿನ ಮೋರೇರ ಮನೆಗಳನ್ನು ನೋಡಿದವರಿಗೆ ಗುರುತು ಹತ್ತುತ್ತದೆ. ಮೆಂಗಾ ಅದಕ್ಕಿಂತ ಬಹಳ ಹಳೆಯದು, ಐದೂವರೆ ಸಾವಿರ ವರ್ಷಕ್ಕೂ ಹಿಂದಿನದು. ಅದರ ಒಂದೊಂದು ಚಾವಣಿಕಲ್ಲನ್ನು ಸಾಗಿಸಿದ್ದು ಹೇಗೆ ಅಂತ ಒಳಗೆ ನಿಂತಾಗ ತಲೆ ಕೆಡುತ್ತದೆ. ಅತಿ ದೊಡ್ಡದು ನೂರು ಟನ್ ಮೀರುತ್ತದೆ.

ಒಳಗೆ ಕೊನೆಯವರೆಗೆ ಹೋಗಿ, ತಿರುಗಿ ಬಾಗಿಲ ಕಡೆ ನೋಡಿ. ಚೌಕಟ್ಟಿನ ನಡುವೆ ದೂರದಲ್ಲಿ ಅಂಗಾತ ಮಲಗಿದ ಮನುಷ್ಯನ ಮುಖದಂಥ ಒಂದು ಗುಡ್ಡ ಕಾಣುತ್ತದೆ: ಲಾ ಪೆನ್ಯಾ ದೆ ಲೋಸ್ ಎನಮೊರಾದೋಸ್, ಪ್ರೇಮಿಗಳ ಬಂಡೆ. ಹಣೆ, ಮೂಗು, ಗದ್ದ ಎಲ್ಲ ಸ್ಪಷ್ಟ. ವಿಯೇರಾ ಸೂರ್ಯೋದಯದ ದಿಕ್ಕಿಗೆ ಮುಖಮಾಡಿದ್ದರೆ ಮೆಂಗಾ ಈ ಗುಡ್ಡಕ್ಕೆ ಮುಖಮಾಡಿದೆ. 2016ರಲ್ಲಿ ಯುನೆಸ್ಕೊ ವಿಶ್ವಪರಂಪರೆ ಪಟ್ಟಿಗೆ ಸೇರಿಸುವಾಗ ಕಲ್ಮನೆಗಳ ಜೊತೆ ಈ ಗುಡ್ಡವನ್ನೂ ತೊರ್ಕಾಲ್ ಬೆಟ್ಟವನ್ನೂ ಸೇರಿಸಿದ್ದು ಇದಕ್ಕೇ. ಸೋಮವಾರ ಹೋಗುವುದಾದರೆ ಬಾಗಿಲು ತೆರೆದಿರುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ.

ಊಟದ ಹೊತ್ತು ಅಲ್ಲಿ ಎರಡರಿಂದ ನಾಲ್ಕು. ಹನ್ನೆರಡೂವರೆಗೆ ಹಸಿದು ಹೋದರೆ ಅಡುಗೆಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ. ಎರಡರಿಂದ ಐದರವರೆಗೆ ಸಣ್ಣ ಅಂಗಡಿಗಳೂ ಮುಚ್ಚಿರುತ್ತವೆ, ಭಾನುವಾರ ಸೂಪರ್ ಮಾರುಕಟ್ಟೆಗಳೂ ಅಷ್ಟೇ. ಹಾಲು, ತರಕಾರಿ ಶನಿವಾರವೇ ತುಂಬಿಸಿಕೊಳ್ಳಿ.

ಸಸ್ಯಾಹಾರಿಗಳು ಗಮನಿಸಿ. ಆಂತೆಕೇರಾದ ಹೆಸರಾದ ತಿನಿಸು ‘ಪೋರಾ’: ಟೊಮೆಟೊ, ಬ್ರೆಡ್, ಬೆಳ್ಳುಳ್ಳಿ, ಆಲಿವ್ ಎಣ್ಣೆ ರುಬ್ಬಿದ ತಣ್ಣನೆ ಗಟ್ಟಿ ಸಾರು. ಸಾರೇನೋ ಶುದ್ಧ, ಆದರೆ ಮೇಲೆ ಹಂದಿಮಾಂಸದ ಚೂರು, ಮೊಟ್ಟೆ ಉದುರಿಸಿ ಕೊಡುತ್ತಾರೆ. ‘ವೆಜಿಟೇರಿಯನ್’ ಅಂದರೆ ಸಾಲದು; ‘ಸಿನ್ ಹಮೋನ್, ಸಿನ್ ಅತೂನ್, ಸಿನ್ ವೇವೊ’ (ಹಂದಿ ಬೇಡ, ಮೀನು ಬೇಡ, ಮೊಟ್ಟೆ ಬೇಡ) ಅಂತ ಬಿಡಿಸಿ ಹೇಳಿ. ‘ಬೆರೆಂಹೇನಾಸ್ ಕೊನ್ ಮಿಯೆಲ್ ದೆ ಕಾನ್ಯಾ’ ಕಂಡರೆ ಬಿಡಬೇಡಿ. ಹೆಸರಿನಲ್ಲಿ ಜೇನು ಅಂತಿದ್ದರೂ ಅದು ಕಬ್ಬಿನ ಪಾಕ, ಅಂದರೆ ನಮ್ಮ ಜೋನಿಬೆಲ್ಲದ ದಾಯಾದಿ. ಬಿಸಿ ಬದನೆಕಾಯಿ ಬಜ್ಜಿಯ ಮೇಲೆ ಕಪ್ಪಗೆ, ನೂಲಿನಂತೆ ಇಳಿಯುವ ಬೆಲ್ಲ. ಮೊದಲ ತುತ್ತಿಗೆ ವಿಚಿತ್ರ ಅನ್ನಿಸುತ್ತದೆ, ಮೂರನೆಯದಕ್ಕೆ ಇನ್ನೊಂದು ತಟ್ಟೆ ಹೇಳುತ್ತೀರಿ.

ಊಟಕ್ಕೆ ಊರೊಳಗೆ ಗಾಡಿ ತಗೊಂಡು ಹೋಗಬೇಡಿ. ತಂಗುದಾಣದಲ್ಲೋ, ಊರಂಚಿನ ದೊಡ್ಡ ಪಾರ್ಕಿಂಗ್‌ನಲ್ಲೋ ಬಿಟ್ಟು ನಡೆಯಿರಿ. ಪಾಸ್‌ಪೋರ್ಟ್, ಲ್ಯಾಪ್‌ಟಾಪ್ ಜೊತೆಗಿರಲಿ, ಮುಂದಿನ ಸೀಟಿನ ಮೇಲೆ ಚೀಲ ಕಾಣದಿರಲಿ.

ಹಂತ 6: ರೋಂಡಾ ದಾರಿ

ಎ-384ರಲ್ಲಿ ಕಾಂಪಿಯೋಸ್‌ವರೆಗೆ, ಅಲ್ಲಿಂದ ತೇಬಾ ಕಡೆ ತಿರುಗಿ ಎ-367 ಹಿಡಿದರೆ ಕ್ವೆವಾಸ್ ದೆಲ್ ಬೆಸೆರೊ ಮೂಲಕ ರೋಂಡಾ. ಗೋಧಿ ಹೊಲ, ಆಲಿವ್ ಸಾಲು, ತಿರುವುಗಳಿದ್ದರೂ ಒಳ್ಳೆಯ ರಸ್ತೆ. ಹಿಂದೆ ನಾಲ್ಕು ಕಾರು ಸೇರಿದರೆ ಜಾಗ ಸಿಕ್ಕ ಕಡೆ ಪಕ್ಕಕ್ಕೆ ಸರಿದು ಬಿಟ್ಟುಕೊಡಿ. ಕಡಲ ಕಡೆಯಿಂದ ಸಾನ್ ಪೆದ್ರೊ ಮೂಲಕ ಏರುವ ಎ-397 ನೋಡಲು ಚೆಂದ, ಆದರೆ ತಿರುವಿನ ಮೇಲೆ ತಿರುವು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರೆ ಕವರ್ ಸಿದ್ಧವಿರಲಿ. ಇನ್ನು ಸಾಆರಾದಿಂದ ಗ್ರಾಸಲೇಮಾಕ್ಕೆ ಪಾರಿವಾಳದ ಕಣಿವೆ ಘಾಟಿ, ‘ಪ್ವೆರ್ತೊ ದೆ ಲಾಸ್ ಪಲೋಮಾಸ್’. ನಕ್ಷೆ ಅದನ್ನು ಹತ್ತಿರದ ದಾರಿ ಅಂತ ತೋರಿಸಿದರೂ ಈ ಗಾಡಿಯಲ್ಲಿ ಬೇಡ.

ದಾರಿಯಲ್ಲಿ ಡೀಸೆಲ್ ಹಾಕಿಸುವಾಗ: ಡೀಸೆಲ್‌ಗೆ ಅಲ್ಲಿ ‘ಗಸೋಲಿಯೊ’, ಪೆಟ್ರೋಲ್‌ಗೆ ‘ಗಸೊಲೀನಾ’. ಎರಡೂ ಕಿವಿಗೆ ಒಂದೇ ಥರ. ಹೆಸರು ನಂಬಬೇಡಿ, ಪಂಪಿನ ಮೇಲೆ ಅಂಟಿಸಿದ ಚೀಟಿ ನೋಡಿ: ಯುರೋಪಿನಲ್ಲಿ ಚೌಕದೊಳಗೆ ಬರೆದದ್ದು ಡೀಸೆಲ್, ವೃತ್ತದೊಳಗಿನದು ಪೆಟ್ರೋಲ್. ಅದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿದೆ. ಗಾಡಿಯ ಬದಿಯಲ್ಲಿ ಮುಚ್ಚಳಗಳು ಒಂದಲ್ಲ, ಮೂರು: ಡೀಸೆಲ್, ಆಡ್‌ಬ್ಲೂ (ಹೊಗೆ ಶುದ್ಧಿ ಮಾಡುವ ದ್ರವ, ನೀಲಿ ಮುಚ್ಚಳ), ಕುಡಿಯುವ ನೀರು. ನೀರಿನ ತೊಟ್ಟಿಗೆ ಡೀಸೆಲ್ ಬಿಟ್ಟವರ ರಜೆ ಅಲ್ಲಿಗೇ ಮುಗಿಯುತ್ತದೆ. ಅಪ್ಪಿತಪ್ಪಿ ಹಾಕಿದರೆ ಎಂಜಿನ್ನಾಗಲಿ ನೀರಿನ ಪಂಪಾಗಲಿ ಚಾಲೂ ಮಾಡದೆ ಬಾಡಿಗೆ ಕೊಟ್ಟವರಿಗೆ ಫೋನ್ ಮಾಡಿ.

ಹೆದ್ದಾರಿಯಲ್ಲಿ ಯಾರಾದರೂ ಪಕ್ಕಕ್ಕೆ ಬಂದು ‘ಟೈರ್ ಪಂಕ್ಚರ್’ ಅಂತ ಕೈ ತೋರಿಸಿದರೆ ನಿಲ್ಲಬೇಡಿ, ನಿಧಾನವಾಗಿ ಮುಂದಿನ ಬಂಕಿನವರೆಗೆ ಹೋಗಿ ನೋಡಿ. ಇದು ಹಳೇ ಕಳ್ಳಾಟ. ನಿಜವಾದ ತುರ್ತಿಗೆ 112.

‘ಸೆತೆನಿಲ್ ಬಿಡೋದಾ?’ ಅಂತ ಎಲ್ಲರೂ ಕೇಳುತ್ತಾರೆ. ಬಂಡೆಯ ಕೆಳಗೆ ಮನೆ ಕಟ್ಟಿಕೊಂಡ ಊರು ಅದು, ಚಾವಣಿಯೇ ಬೆಟ್ಟ. ರೋಂಡಾಕ್ಕೆ ಇಪ್ಪತ್ತು ಕಿಲೋಮೀಟರ್ ಒಳಗೆ. ನನ್ನ ಮಾತು ಕೇಳುವುದಾದರೆ ಇವತ್ತು ಬೇಡ. ನಾಳೆ ಗಾಡಿಯನ್ನು ರೋಂಡಾದಲ್ಲೇ ಬಿಟ್ಟು ಬಸ್ಸೋ ಟ್ಯಾಕ್ಸಿಯೋ ಹಿಡಿಯಿರಿ. ಗಾಡಿಯಲ್ಲೇ ಹೋಗುವುದಾದರೆ ಊರ ಹೊರಗಿನ ಮೇಲ್ಭಾಗದಲ್ಲಿ ನಿಲ್ಲಿಸಿ. ನಕ್ಷೆಯ ಹೆಂಗಸು ಎಷ್ಟೇ ಮಧುರವಾಗಿ ‘ಬಲಕ್ಕೆ ತಿರುಗಿ’ ಅಂದರೂ ಊರೊಳಗೆ ಇಳಿಯಬೇಡಿ. ಬಂಡೆ ತಲೆಯ ಮೇಲೆ ಚಾಚಿಕೊಂಡಿದೆ, ನಿಮ್ಮ ಗಾಡಿಯ ತಲೆಗೆ ವಿಮೆ ಇಲ್ಲ.

ಹಂತ 7: ರೋಂಡಾದ ಸಂಜೆ

ಬೆಳಕಿರುವಾಗಲೇ ಜಾಗಕ್ಕೆ ಸೇರಿ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ, ಆದರೆ ಅಕ್ಟೋಬರ್ ಕೊನೆಯಲ್ಲಿ ಗಡಿಯಾರ ಹಿಂದೆ ಸರಿದ ಮೇಲೆ ಆರೂವರೆಗೇ ಕತ್ತಲು. ಗಾಡಿ ನಿಲ್ಲಿಸಿ, ಫ್ರಿಜ್ ಕರೆಂಟಿಗೆ ಬದಲಾಯಿಸಿ, ಸೇತುವೆಗೆ ನಡೆಯಿರಿ.

ಪ್ವೆಂತೆ ನ್ಯೂವೊ, ಹೊಸ ಸೇತುವೆ. ಹೊಸದು ಅನ್ನಿಸಿಕೊಂಡದ್ದು 1793ರಲ್ಲಿ ಮುಗಿದಾಗ. ಅದಕ್ಕೂ ಮುಂಚಿನದು 1741ರಲ್ಲಿ ಕುಸಿದುಬಿದ್ದಿತ್ತು. 98 ಮೀಟರ್ ಕೆಳಗೆ ಗ್ವಾದಲೆವೀನ್ ನದಿ. ಎಲ್ಲರೂ ಮೇಲೆ ನಿಂತು ಕೆಳಗೆ ಇಣುಕಿ ವಾಪಸಾಗುತ್ತಾರೆ. ಮೊಣಕಾಲು ಗಟ್ಟಿ ಇದ್ದರೆ ಹಳೇ ಊರಿನ ಕಡೆಯಿಂದ ಕಣಿವೆಗೆ ಇಳಿಯುವ ಕಾಲುದಾರಿ ಹಿಡಿಯಿರಿ. ಇಳಿಜಾರಿನ ಅರ್ಧದಲ್ಲಿ ಹಿಂತಿರುಗಿದರೆ ಸೇತುವೆ ಪೂರ್ತಿ, ಬುಡದಿಂದ ನೆತ್ತಿಯವರೆಗೆ, ಸಂಜೆಯ ಬಿಸಿಲಿಗೆ ಕಾದ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ನಿಂತಿರುತ್ತದೆ. ಮತ್ತೆ ಏರುವುದಕ್ಕೆ ಇಳಿದದ್ದರ ಎರಡರಷ್ಟು ಹೊತ್ತು ಇಟ್ಟುಕೊಳ್ಳಿ.

ವಾಪಸು ಬಂದು ಅನ್ನ ಸಾರು ಮಾಡುವವರಿಗೆ ಒಂದು ಲೆಕ್ಕ. ಕ್ಯಾಂಪಿಂಗ್‌ನ ಕರೆಂಟ್ ಕಂಬ ಎಷ್ಟೋ ಕಡೆ 6 ಆಂಪಿಯರ್ ಮಾತ್ರ ಕೊಡುತ್ತದೆ. 230 ವೋಲ್ಟ್‌ನಿಂದ ಗುಣಿಸಿದರೆ 1,380 ವ್ಯಾಟ್. 2,000 ವ್ಯಾಟಿನ ಕೆಟಲ್ ಹಾಕಿದ ಕೂಡಲೇ ಫ್ಯೂಸ್ ಹಾರಿ, ಕಂಬದ ಪೆಟ್ಟಿಗೆ ತೆರೆಯುವ ಕೀಲಿ ಇರುವ ಮನುಷ್ಯ ಮನೆಗೆ ಹೋಗಿರುತ್ತಾನೆ. ಕುಕ್ಕರ್ ಗ್ಯಾಸಿನ ಮೇಲೆ ಇಡಿ, ನೆತ್ತಿಯ ಕಿಟಕಿ ತೆರೆದಿರಲಿ. ಮಿಕ್ಸಿ ಹಾಕುವಾಗ ಹೀಟರ್ ಆರಿಸಿ. ರಾತ್ರಿ ಹನ್ನೊಂದರ ಮೇಲೆ ಅದೂ ಬೇಡ, ಪಕ್ಕದ ಗಾಡಿಯ ಜರ್ಮನ್ ಅಜ್ಜ ಅಜ್ಜಿ ಮಲಗಿರುತ್ತಾರೆ.

ಬೆಳಿಗ್ಗೆ ಮತ್ತೆ ಹಂತ 2ರಿಂದ ಶುರು. ಕರೆಂಟ್ ವೈರನ್ನು ಕಂಬದಿಂದ ಕಿತ್ತಿದ್ದೀರಾ ಅಂತ ಒಮ್ಮೆ ಇಳಿದು ನೋಡಿ. ವೈರು ಸಮೇತ ಹೊರಟವರನ್ನು ನಾನು ಕಂಡಿದ್ದೇನೆ. ನೈಟಿಯ ಮೇಲೆ ಸ್ವೆಟರ್ ಹಾಕಿಕೊಂಡು, ‘ಕಾಬ್ಲೆ! ಕಾಬ್ಲೆ!’ ಅಂತ ಕೂಗುತ್ತ ಅವರ ಹಿಂದೆ ಓಡಿದವಳು ನಾನೇ.